ಹತ್ತಿಯ ಸುಂಕದಲ್ಲಿ ಎದ್ದ ಚಾಳುಗಳು

1920ರ ದಶಕದಲ್ಲಿ ಮುಂಬಯಿ ಪಟ್ಟಣದೊಳಗೆ ಬಂದ ಒಂದೊಂದು ಹತ್ತಿ ಬೇಲಿನ ಮೇಲೂ ಸರ್ಕಾರ ಒಂದು ರೂಪಾಯಿ ಸುಂಕ ಎತ್ತುತ್ತಿತ್ತು. ಬೇಲು ಅಂದರೆ ಯಂತ್ರಕ್ಕೆ ಕೊಟ್ಟು ಒತ್ತಿ, ಪಟ್ಟಿ ಬಿಗಿದ ಸುಮಾರು 400 ಪೌಂಡು ಹತ್ತಿ. ಗುಜರಾತದ ಬೇಲು, ಖಾನದೇಶದ ಬೇಲು, ವರ್ಹಾಡದ ಬೇಲು, ಎಲ್ಲಕ್ಕೂ ಒಂದೇ ದರ. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳ ಎರೆಹೊಲದ ಹತ್ತಿಗೂ ರಿಯಾಯಿತಿ ಇರಲಿಲ್ಲ. ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂದು ಹೆಸರು. ರೈಲು ಬರುವ ಮೊದಲು ಅದು ಎತ್ತಿನ ಬೆನ್ನಿನ ಮೇಲೆ, ಚಕ್ಕಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಬೆಳೆದ ಊರಿನ ಹೆಸರು ಬಿಟ್ಟು ಹಡಗು ಹತ್ತಿದ ಊರಿನ ಹೆಸರೇ ವ್ಯಾಪಾರಿಗಳ ಬಾಯಲ್ಲಿ ನಿಂತಿತು.

ಆ ಹತ್ತಿ ಬೆಳೆದ ಊರುಗಳಲ್ಲಿ ಗೋಕಾಕ ಸೀಮೆಯ ಕೌಜಲಗಿಯೂ ಒಂದು. ಕೌಜಲಗಿ ಅಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಶ್ರೀಕೃಷ್ಣ ಪಾರಿಜಾತ ಆಡಿ ಮನೆಮಾತಾದ ಕೌಜಲಗಿ ನಿಂಗಮ್ಮ. ಆದರೆ ಆಟ ನೋಡಲು ಬಂದು ಕೂಡುತ್ತಿದ್ದ ಜನ ಜೋಳ, ಹತ್ತಿ ನಂಬಿ ಬದುಕಿದವರು. ಗೋಕಾಕ ಸೀಮೆಯಲ್ಲಿ ಹತ್ತಿ ಬಿಡಿಸಿ ಅಂಡಿಗೆ ತುಂಬಿದ ಮೇಲೆ ಅದಕ್ಕೆ ಎರಡು ದಾರಿ ಇದ್ದವು. ಒಂದು ದಾರಿ ಘಟಪ್ರಭೆಯ ಜಲಪಾತದ ನೆತ್ತಿಯ ಮೇಲಿದ್ದ ಗೋಕಾಕ ಮಿಲ್ಲಿಗೆ. 1885ರಲ್ಲಿ ಹುಟ್ಟಿದ ಕಂಪನಿ ಅದು. 1887ರ ಹೊತ್ತಿಗೆ ಕೆಳಗಿನ ನೀರಿನ ಚಕ್ರಗಳು ಹಗ್ಗಗಳ ಮೂಲಕ ಮೇಲಿನ ಗಿರಣಿಯನ್ನು ತಿರುಗಿಸತೊಡಗಿದ್ದವು. ಇನ್ನೊಂದು ದಾರಿ ಗೋಕಾಕ ರೋಡ್ ನಿಲ್ದಾಣಕ್ಕೆ. ಅಲ್ಲಿಂದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿಯ ಮೇಲೆ ಮಿರಜ, ಪುಣೆ. ಪುಣೆಯಲ್ಲಿ ದೊಡ್ಡ ಹಳಿಯ ಗಾಡಿಗೆ ಬದಲಾಯಿಸಿ ಮುಂಬಯಿ. ಜಲಪಾತದ ದಾರಿ ಹಿಡಿದ ಹತ್ತಿಗೆ ಮುಂಬಯಿಯ ಪಟ್ಟಣ ಸುಂಕ ತಟ್ಟುತ್ತಿರಲಿಲ್ಲ. ರೈಲು ಹತ್ತಿದ್ದಕ್ಕೆ ಬೇಲಿಗೊಂದು ರೂಪಾಯಿ ಬೀಳುತ್ತಿತ್ತು. ರೂಪಾಯಿ ಕಟ್ಟುತ್ತಿದ್ದವನು ಪೇಟೆಯ ವ್ಯಾಪಾರಿ. ಅಂಥ ಖರ್ಚನ್ನು ವ್ಯಾಪಾರಿ ತನ್ನ ಕಿಸೆಯಲ್ಲೇ ಉಳಿಸಿಕೊಳ್ಳುತ್ತಾನೆಂದು ಹತ್ತಿ ಬೆಳೆದ ಯಾವ ರೈತನೂ ನಂಬುವುದಿಲ್ಲ.

ಆ ರೂಪಾಯಿಗಳು ಸೇರಿ ಮುಂಬಯಿಯಲ್ಲಿ 207 ಕಟ್ಟಡಗಳಾದವು. ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಎಂಬ ಇಲಾಖೆ ಕಟ್ಟಿಸಿದ್ದರಿಂದ ಅವಕ್ಕೆ ಬಿಡಿಡಿ ಚಾಳು ಎಂದೇ ಹೆಸರು. ಚಾಳು ಅಂದರೆ ಒಂದೊಂದು ಕೋಣೆಯ ಬಿಡಾರಗಳನ್ನು ಸಾಲಾಗಿ ಜೋಡಿಸಿದ ಮಹಡಿ ಕಟ್ಟಡ. ವರಳಿಯಲ್ಲಿ 121, ನಾಯಗಾಂವದಲ್ಲಿ 42, ಡಿಲೈಲ್ ರೋಡಿನಲ್ಲಿ 32, ಶಿವಡಿಯಲ್ಲಿ 12. ಕಟ್ಟಿದ ಕಾರಣ ಒಂದು, ಬಳಕೆಯಾದದ್ದು ಹತ್ತು ಬಗೆ. ಈಗ ಅವು ಸಾಲುಸಾಲಾಗಿ ನೆಲಸಮವಾಗುತ್ತಿವೆ.

ಬೆಳಗಾವಿ ಜಿಲ್ಲೆಗೆ ಆಗ ಮುಂಬಯಿಯೇ ರಾಜಧಾನಿ. 1956ರ ನವೆಂಬರ್ 1ರ ತನಕ ಗೋಕಾಕದ ಜಮೀನು ಮೊಕದ್ದಮೆ ಕೊನೆಗೆ ಹೋಗಿ ನಿಲ್ಲುತ್ತಿದ್ದುದು ಮುಂಬಯಿ ಹೈಕೋರ್ಟಿನಲ್ಲಿ. ಕಾನೂನು, ಕಂದಾಯ, ಹತ್ತಿಯ ದರ ಎಲ್ಲವೂ ಅಲ್ಲಿಂದಲೇ. ಬಿಡಿಡಿ ಚಾಳುಗಳ ಕತೆ ಮರಾಠಿಯಲ್ಲಿ ಬೇಕಾದಷ್ಟು ಬಂದಿದೆ. ಮುಂಬಯಿಯ ಚಾಳಿನ ಬದುಕು ಕನ್ನಡದವರಿಗೆ ಪರಿಚಯವಾದದ್ದು ಹೆಚ್ಚಾಗಿ ಜಯಂತ ಕಾಯ್ಕಿಣಿಯವರಂಥವರ ಕತೆಗಳಿಂದ. ಆದರೂ ಮುಂಬಯಿ ಕರ್ನಾಟಕದ ಹತ್ತಿಗೂ ಆ ಗೋಡೆಗಳಲ್ಲಿ ಪಾಲಿದೆ ಎಂಬುದು ನಮ್ಮ ಕಡೆ ಮಾತಿಗೆ ಬರುವುದು ಕಡಿಮೆ.

ಸುಂಕ ಹಾಕಲು ಕಾರಣವಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಓಡಿದರು, ಗಿರಣಿಗಳು ಕೆಲಸಗಾರರಿಲ್ಲದೆ ಒದ್ದಾಡಿದವು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಗಿ, ಕೊಳಕು ಕೇರಿಗಳನ್ನು ಕೆಡವಿ ರಸ್ತೆ ಬಿಡಿಸಿತು. ಕೆಲವೆಡೆ ಚಾಳುಗಳನ್ನೂ ಕಟ್ಟಿತು. ಪರಳದಲ್ಲಿದ್ದ ಆ ಟ್ರಸ್ಟಿನ ಚಾಳಿನ ಎರಡು ಕೋಣೆಗಳಲ್ಲೇ ಅಂಬೇಡ್ಕರ್ ಕುಟುಂಬ 1912ರಿಂದ 1934ರ ತನಕ ಇದ್ದದ್ದು. 1925ರ ಏಪ್ರಿಲಿನಲ್ಲಿ ನಿಪ್ಪಾಣಿಗೆ ಬಂದು ದಲಿತರ ಪ್ರಾಂತೀಯ ಪರಿಷತ್ತಿನಲ್ಲಿ ಮಾತಾಡಿದಾಗಲೂ ಅವರ ವಿಳಾಸ ಆ ಚಾಳೇ.

ಟ್ರಸ್ಟ್ ಕೆಡವಿದಷ್ಟು ಮನೆಗಳನ್ನು ಕಟ್ಟಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಗಿರಣಿಗಳಿಗೆ ಬಿಡುವಿಲ್ಲದ ಕೆಲಸ ಬಂತು, ಬಾಡಿಗೆ ಏರಿತು, ಮನೆ ಕಟ್ಟುವ ಸಾಮಾನು ತುಟ್ಟಿಯಾಯಿತು. 1921ರ ಜನಗಣತಿಯ ಹೊತ್ತಿಗೆ ಮುಂಬಯಿಯ ಮೂರು ಪಾಲು ಜನರಲ್ಲಿ ಸುಮಾರು ಎರಡು ಪಾಲು ಒಂದೇ ಕೋಣೆಯ ಬಿಡಾರಗಳಲ್ಲಿದ್ದರು. ಅದೇ ವರ್ಷ ಹುಟ್ಟಿದ ಸಾವಿರ ಕೂಸುಗಳಿಗೆ 600ಕ್ಕೂ ಹೆಚ್ಚು ಸಾವು ದಾಖಲಾದವು. ಈ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು: ಹೆರಿಗೆಗೆ ಹೆಂಗಸರು ತವರಿಗೆ ಹೋಗುತ್ತಿದ್ದರು, ಹುಟ್ಟು ಊರಲ್ಲಿ, ಸಾವು ಮುಂಬಯಿಯಲ್ಲಿ. ಅದನ್ನು ಕಳೆದರೂ ಉಳಿಯುವ ಲೆಕ್ಕ ಭಯಂಕರವೇ.

ಜಾರ್ಜ್ ಲಾಯ್ಡ್ ಎಂಬ ಗವರ್ನರ್ 1918ರ ಕೊನೆಗೆ ಬಂದ. ಕಟ್ಟುವ ಹುಚ್ಚು ಹಿಡಿದ ಮನುಷ್ಯ. ಸಿಂಧೂ ನದಿಯ ಸುಕ್ಕೂರ್ ಬ್ಯಾರೇಜಿಗೆ ಮೊದಲು ಅಂಟಿದ ಹೆಸರು ಅವನದೇ. 1920ರಲ್ಲಿ ಅವನು ಡೆವಲಪ್‌ಮೆಂಟ್ ಇಲಾಖೆಯನ್ನು ಹುಟ್ಟುಹಾಕಿ ಎರಡು ದೊಡ್ಡ ಕೆಲಸ ವಹಿಸಿದ: ಬ್ಯಾಕ್‌ಬೇ ಸಮುದ್ರವನ್ನು ತುಂಬಿ ನೆಲ ಮಾಡುವುದು, ಕಾರ್ಮಿಕರಿಗೆ 50,000 ಕೋಣೆ ಕಟ್ಟುವುದು. ಗಿರಣಿ ಮಾಲೀಕರು ಮನೆ ಕಟ್ಟುವುದಿಲ್ಲ ಎಂಬುದು ಅಷ್ಟು ಹೊತ್ತಿಗೆ ಖಾತ್ರಿಯಾಗಿತ್ತು. ಸಾಲ ತಂದು ಕಟ್ಟುವುದು, ಬಾಡಿಗೆಯಲ್ಲಿ ಹುಟ್ಟದ ಹಣವನ್ನು ಹತ್ತಿ ಸುಂಕದಿಂದ ತುಂಬಿಕೊಳ್ಳುವುದು ಎಂಬುದು ಯೋಜನೆ. ಹತ್ತಿಯಿಂದ ಬದುಕುವ ಊರು ಹತ್ತಿಯ ಕೆಲಸಗಾರನ ಮನೆಗೆ ಹಣ ಕೊಡಲಿ ಎಂಬ ವಿಚಾರ ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ.

ಕಾಗದದಿಂದ ನೆಲಕ್ಕೆ ಬಂದದ್ದು ಹೀಗಿತ್ತು. ನೆಲಮಹಡಿ, ಅದರ ಮೇಲೆ ಮೂರು ಮಹಡಿ. ಪ್ರತಿ ಮಹಡಿಯ ನಟ್ಟನಡುವೆ ಉದ್ದಕ್ಕೆ ಒಂದು ಓಣಿ. ಓಣಿಯ ಎಡಕ್ಕೆ ಹತ್ತು ಕೋಣೆ, ಬಲಕ್ಕೆ ಹತ್ತು. ಒಂದು ಕಟ್ಟಡಕ್ಕೆ 80 ಕೋಣೆ. ಕೋಣೆಯ ಅಳತೆ 160 ಚದರಡಿ. ಬಾಗಿಲು ಓಣಿಗೆ, ಕಿಟಕಿ ಹೊರಗೆ. ಕಕ್ಕಸು, ನಲ್ಲಿ ಓಣಿಯ ತುದಿಯಲ್ಲಿ, ಇಡೀ ಮಹಡಿಗೆ ಸೇರಿ. ಬೆಳಕು ಓಣಿಯ ಎರಡು ತುದಿಯಿಂದ ಒಳಗೆ ಬರಬೇಕು. ನಡುವಿನ ಕೋಣೆಗಳ ಮುಂದೆ ಮಧ್ಯಾಹ್ನವೂ ಮಬ್ಬು. ಕಲ್ಲು, ಇಟ್ಟಿಗೆ, ಕಟ್ಟಿಗೆ ಬಿಟ್ಟು ಇಡೀ ಕಟ್ಟಡವನ್ನು ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಎರಕ ಹೊಯ್ದದ್ದು ಆ ಕಾಲಕ್ಕೆ ಹೊಸತು. ಹಳೆಯ ಚಾಳುಗಳಲ್ಲಿ ಓಣಿ ಹೊರಮೈಗೆ ಇರುತ್ತಿತ್ತು, ಕಟ್ಟಿಗೆಯ ಕಟಕಟೆ ಹಿಡಿದು ಅಂಗಳ ನೋಡಬಹುದಿತ್ತು. ಬಿಡಿಡಿ ಚಾಳಿನ ನಕ್ಷೆ ತೆಗೆದವರು ಆ ಗಾಳಿಯ ಓಣಿಯನ್ನು ಒಳಗೆ ಎಳೆದುಕೊಂಡುಬಿಟ್ಟರು. ಒಂದೇ ಓಣಿಯಿಂದ ಎರಡು ಸಾಲು ಕೋಣೆ ಸಿಗುತ್ತವೆ, ಖರ್ಚು ಉಳಿಯುತ್ತದೆ, ಅಷ್ಟೇ.

ಹೀಗೆ ಉಳಿಸಿದ ಮೇಲೂ ಖರ್ಚು ಕೈಮೀರಿತು. ಯುದ್ಧಾನಂತರದ ದುಬಾರಿ ಕಾಲದಲ್ಲಿ ಕಟ್ಟಿದ್ದಕ್ಕೆ ಒಂದು ಕೋಣೆಯ ನಿಜವಾದ ಬಾಡಿಗೆ ಗಿರಣಿಯವನ ಸಂಬಳಕ್ಕೆ ಹೊಂದುವಂತಿರಲಿಲ್ಲ. ಸರ್ಕಾರ ಬಾಡಿಗೆಯನ್ನು ಇಳಿಸಿತು, ಮತ್ತೂ ಇಳಿಸಿತು. 50,000 ಕೋಣೆಗಳ ಮಾತು ಸುಮಾರು 16,500ಕ್ಕೆ ನಿಂತಿತು. 1925ರ ಆಸುಪಾಸಿಗೆ ಕೆಲಸ ಬಂದ್. ಅದೇ ಇಲಾಖೆಯ ಬ್ಯಾಕ್‌ಬೇ ಕೆಲಸದ ಹಗರಣವನ್ನು ವಕೀಲ ಕೆ.ಎಫ್. ನರಿಮನ್ ಬಯಲಿಗೆಳೆದರು. ಅವರ ಮೇಲೆ ಹಾರ್ವೆ ಎಂಬ ಅಧಿಕಾರಿ ಮಾನನಷ್ಟ ಮೊಕದ್ದಮೆ ಹಾಕಿದ, ನರಿಮನ್ ಗೆದ್ದರು. ಸಮುದ್ರ ತುಂಬುವ ಆ ಕೆಲಸಕ್ಕೆ ಮುಂಬಯಿ ಜನ ಲಾಯ್ಡನ ಮೂರ್ಖತನ ಎಂದು ಹೆಸರಿಟ್ಟರು. ಇವತ್ತು ಮರೀನ್ ಡ್ರೈವಿನ ಕೊನೆಗೆ ನರಿಮನ್ ಪಾಯಿಂಟ್ ಇದೆ. ಲಾಯ್ಡನ ಹೆಸರು ಹುಡುಕಬೇಕು.

ಅವೇ ವರ್ಷಗಳಲ್ಲಿ ವಿಯೆನ್ನಾ ನಗರಸಭೆಯೂ ವಿಶೇಷ ತೆರಿಗೆ ಹಾಕಿ ಕಾರ್ಮಿಕರಿಗೆ ಮನೆ ಕಟ್ಟಿತು. 1930ರಲ್ಲಿ ಮುಗಿದ ಕಾರ್ಲ್ ಮಾರ್ಕ್ಸ್ ಹಾಫ್‌ನಲ್ಲಿ 1,382 ಮನೆಗಳು, ಜೊತೆಗೆ ಬಟ್ಟೆ ಒಗೆಯುವ ಮನೆ, ಬಾಲವಾಡಿ, ಗ್ರಂಥಾಲಯ, ಅಂಗಳ. ಅದು ಇಂದಿಗೂ ನಿಂತಿದೆ, ಜನ ಇದ್ದಾರೆ. ಅಲ್ಲಿ ನಗರಸಭೆಯನ್ನು ಆರಿಸಿದವರು ಆ ಮನೆಗಳಲ್ಲಿ ಇರಬೇಕಾದವರೇ. ಮುಂಬಯಿಯಲ್ಲಿ ಗಿರಣಿ ಕೆಲಸಗಾರನಿಗೆ ಮತವೇ ಇರಲಿಲ್ಲ. ಕಕ್ಕಸು ಎಲ್ಲಿರಬೇಕೆಂದು ಅವನನ್ನು ಯಾರು ಕೇಳುತ್ತಾರೆ?

ಡಿಲೈಲ್ ರೋಡಿನ ಚಾಳುಗಳು ಗಿರಣಿಗಳ ಮಗ್ಗುಲಲ್ಲೇ ಇದ್ದುದರಿಂದ ಒಂದಿಷ್ಟು ತುಂಬಿದವು. ವರಳಿಯದು ಬೇರೆ ಕತೆ. ಆಗಿನ ವರಳಿ ಊರ ಹೊರಗಿನ ಜಾಗ. ಕೋಳಿ ಸಮುದಾಯದವರ ಮೀನುಗಾರ ಕೇರಿ, ಅದರಾಚೆ ಸಮುದ್ರ. ಬೆಳಗಿನ ಸೈರನ್ನಿಗೆ ಪರಳದ ಗಿರಣಿ ಮುಟ್ಟಬೇಕಾದವನು ಕತ್ತಲಲ್ಲೇ ಎದ್ದು ನಡೆಯಬೇಕು. ಸಂತೆ ಇಲ್ಲ, ಉದ್ರಿ ಕೊಡುವ ಕಿರಾಣಿಯವನಿಲ್ಲ, ಊರಿನವರಿಲ್ಲ. ಕೆಲಸ ಕೊಡಿಸುವ ಮುಕಾದಮನ ಕಣ್ಣಳತೆಯಲ್ಲಿ ಇರದಿದ್ದರೆ ನಾಳೆ ಕೂಲಿ ಸಿಗುತ್ತದೆಂಬ ಭರವಸೆಯೂ ಇಲ್ಲ. ಸರ್ಕಾರದ ಗಟ್ಟಿ ಕಾಂಕ್ರೀಟಿಗಿಂತ ಗಿರಣಿಗಳ ಸೀಮೆಯಾದ ಗಿರಣಗಾಂವದ ಕೊಳೆತ ಕಟ್ಟಿಗೆ ಚಾಳೇ ವಾಸಿ ಎಂದು ಜನ ತೀರ್ಮಾನಿಸಿದರು. ವರಳಿಯ ಸಾವಿರಾರು ಕೋಣೆಗಳು ಬೀಗ ಹಾಕಿದಲ್ಲೇ ಉಳಿದವು. 1928ರಲ್ಲಿ ಏಪ್ರಿಲಿನಿಂದ ಅಕ್ಟೋಬರಿನವರೆಗೆ ನಡೆದ ದೊಡ್ಡ ಮುಷ್ಕರದಲ್ಲಿ ಗಿರಣಿ ಕೆಲಸಗಾರರ ಕೈಯಲ್ಲಿ ಬಾಡಿಗೆಗೂ ಕಾಸಿರಲಿಲ್ಲ.

ಹೋಲಿಸಿ ನೋಡಿದರೆ ಗೋಕಾಕ ಫಾಲ್ಸ್‌ನಲ್ಲಿ ಮಾಲೀಕನೇ ಗಿರಣಿಯ ಸುತ್ತ ಮನೆ ಕಟ್ಟಿದ್ದ. ಊರೇ ಕಂಪನಿಯದು. ದೂರದ ತಾಪತ್ರಯವಿಲ್ಲ, ಆದರೆ ಕೆಲಸ ಹೋದರೆ ಮನೆಯೂ ಹೋಯಿತು. ಮುಂಬಯಿ ಕೆಲಸಗಾರನಿಗೆ ಆ ಹೆದರಿಕೆ ಇರಲಿಲ್ಲ. ಅದಕ್ಕೇ ಏನೋ ಅಲ್ಲಿ ಅಷ್ಟು ದೀರ್ಘ ಮುಷ್ಕರಗಳು ನಡೆಯಲು ಸಾಧ್ಯವಾದದ್ದು.

ಖಾಲಿ ಬಿದ್ದ ಕಟ್ಟಡಗಳಿಗೆ ಸರ್ಕಾರ ಕಂಡುಕೊಂಡ ಮೊದಲ ದೊಡ್ಡ ಉಪಯೋಗ ಸೆರೆಮನೆಯದು.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕನ್ನಡ ನಾಡಿನ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದಿನ ತಿಂಗಳು ಮುಂಬಯಿಯ ವಡಾಳಾ ಉಪ್ಪಿನಾಗರಗಳ ಮೇಲೆ ಸತ್ಯಾಗ್ರಹಿಗಳು ಅಲೆಅಲೆಯಾಗಿ ನುಗ್ಗಿದರು. ಬಂಧಿಸಿದವರನ್ನು ಇಡಲು ಮುಂಬಯಿ ಪ್ರಾಂತದ ಜೈಲುಗಳಲ್ಲಿ ಜಾಗ ಸಾಲಲಿಲ್ಲ. ವರಳಿಯ ಚಾಳುಗಳು ಕೈಗೆ ಸಿದ್ಧವಾಗಿದ್ದವು: ಗಟ್ಟಿ ಗೋಡೆ, ಒಂದೇ ಅಳತೆಯ ಕೋಣೆ, ತುದಿಯಲ್ಲಿ ಇಬ್ಬರು ನಿಂತರೆ ಇಡೀ ಮಹಡಿಯನ್ನು ಕಾಯಬಹುದಾದ ಓಣಿ. ಸುತ್ತ ಬೇಲಿ ಹಾಕಿದರೆ ಮುಗಿಯಿತು. ಕೆಲಸಗಾರನಿಗೆ ಹಿಡಿಸದ ನಕ್ಷೆ ಜೈಲರನಿಗೆ ತುಂಬ ಹಿಡಿಸಿರಬೇಕು. ಜೂನ್ 3ರಂದು ವಿಚಾರಣೆಗಾಗಿ ಕಾಯುತ್ತಿದ್ದ ಸಾವಿರಾರು ಸತ್ಯಾಗ್ರಹಿಗಳಿಗೂ ಪೊಲೀಸರಿಗೂ ಅಲ್ಲಿ ಘರ್ಷಣೆಯಾಗಿ, ಲಾಠಿ ಪ್ರಹಾರದಲ್ಲಿ ಸುಮಾರು 90 ಮಂದಿ ಗಾಯಗೊಂಡರೆಂದು ಪಟ್ಟಾಭಿ ಸೀತಾರಾಮಯ್ಯನವರ ಕಾಂಗ್ರೆಸ್ ಇತಿಹಾಸ ದಾಖಲಿಸುತ್ತದೆ. ಉಪ್ಪಿನ ಕಾನೂನು ಮುರಿದವರನ್ನು ಹತ್ತಿಯ ಸುಂಕದಲ್ಲಿ ಕಟ್ಟಿದ ಕೋಣೆಗಳಲ್ಲಿ ಕೂಡಿಹಾಕಿದ್ದಾಯಿತು. ಎರಡೂ ಸುಂಕಗಳ ಒಡೆಯ ಒಬ್ಬನೇ.

ಮುಂದಿನ ವರ್ಷಗಳಲ್ಲಿ ಮುಂಬಯಿ ಬೆಳೆಯುತ್ತ ವರಳಿಯನ್ನು ಮುಟ್ಟಿತು, ದಾಟಿತು. ಯಾರೂ ಬೇಡವೆಂದ ಕೋಣೆಗಳಿಗೆ ಶಿಫಾರಸು ಬೇಕಾಯಿತು. ರತ್ನಾಗಿರಿ, ಸಾತಾರಾ, ಕೊಲ್ಲಾಪುರ ಕಡೆಯ ಗಿರಣಿ ಕೆಲಸಗಾರರು ಬಂದರು. ಹಳೆಯ ಖಾಸಗಿ ಚಾಳುಗಳಲ್ಲಿ ಮನೆ ಸಿಗದ ದಲಿತ ಕುಟುಂಬಗಳಿಗೆ ಸರ್ಕಾರಿ ಚಾಳಿನಲ್ಲಿ ಬಾಗಿಲು ತೆರೆಯಿತು. ಇಲ್ಲಿ ಮಾಲೀಕ ಸರ್ಕಾರ, ಅದು ಕನಿಷ್ಠ ಜಾತಿ ಕೇಳಿ ಕೋಣೆ ನಿರಾಕರಿಸುವಂತಿರಲಿಲ್ಲ. ಹಾಗೆಂದು ಜಾತಿ ಓಣಿ ಬಿಟ್ಟು ಹೋಗಲಿಲ್ಲ. ಈ ಕಟ್ಟಡ ಇವರದು, ಆ ಕಟ್ಟಡ ಅವರದು ಎಂಬ ಗೆರೆಗಳು ಬೇಗನೆ ಮೂಡಿದವು. ಪೊಲೀಸ್ ಪೇದೆಗಳಿಗೂ ನೂರಾರು ಕೋಣೆ ಹಂಚಿದರು. ಒಂದು ಕಾಲಕ್ಕೆ ಕೈದಿಗಳನ್ನು ಕಾದ ಪೊಲೀಸರು ಅದೇ ಚಾಳುಗಳಲ್ಲಿ ಸಂಸಾರ ಹೂಡಿದರು.

160 ಚದರಡಿಯಲ್ಲಿ ಬದುಕು ಹೇಗೆ ಹಿಡಿಯುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕು. ಬಾಗಿಲು ತೆರೆದರೆ ಎಡಕ್ಕೆ ಅಡುಗೆಯ ಕಟ್ಟೆ, ಮೂಲೆಯಲ್ಲಿ ಸಣ್ಣ ಮೋರಿ, ಪರದೆ ಎಳೆದರೆ ಅದೇ ಬಚ್ಚಲು. ತಲೆಯ ಮೇಲೆ ಹಲಗೆಯ ಅಟ್ಟ. ಹಾಸಿಗೆ ಸುತ್ತಿಟ್ಟು, ಟ್ರಂಕು ಪೇರಿಸಿ, ಪರೀಕ್ಷೆಯ ದಿನಗಳಲ್ಲಿ ಹುಡುಗನೊಬ್ಬನನ್ನು ಓದಲು ಹತ್ತಿಸಿ ಕೂರಿಸಲು. ಒಂದು ಕಬ್ಬಿಣದ ಮಂಚ, ಅದರ ಮೇಲೆ ಹಿರಿಯರು, ಕೆಳಗೆ ಧಾನ್ಯದ ಡಬ್ಬಿಗಳ ನಡುವೆ ಮಕ್ಕಳು. ನೀರು ಬರುವುದು ನಸುಕಿನಲ್ಲಿ. ಬಾಗಿಲ ಪಕ್ಕ ನೀಲಿ ಪೀಪಾಯಿ. ರಾತ್ರಿ ಹತ್ತರ ಮೇಲೆ ಓಣಿಯೇ ಗಂಡಸರ ಮಲಗುವ ಮನೆ. ರಾತ್ರಿ ಪಾಳಿಯವನು ಎದ್ದು ಹೋದ ಚಾಪೆಯ ಮೇಲೆ ಹಗಲು ಪಾಳಿಯವನು ಬಂದು ಬೀಳುತ್ತಿದ್ದ. ನಕ್ಷೆಯಲ್ಲಿ ದಾರಿಯಾಗಿ ಬರೆದಿದ್ದ ಆ ಮಬ್ಬು ಓಣಿ ಹೀಗೆ ಪಡಸಾಲೆ, ಆಟದ ಬಯಲು, ಮದುವೆಯ ಊಟದ ಪಂಕ್ತಿ, ಸತ್ತವರ ಮನೆಗೆ ಬಂದವರು ಕೂಡುವ ಜಾಗ ಎಲ್ಲವೂ ಆಯಿತು. ನಕ್ಷೆ ತೆಗೆದವನಿಗೆ ಇದರ ಯಶಸ್ಸು ಸಲ್ಲದು; ಇದ್ದವರು ಮಾಡಿಕೊಂಡದ್ದು ಅದು.

ಕೋಣೆಗಳ ಉಪಯೋಗವೂ ಬದಲಾಗುತ್ತ ಹೋಯಿತು. ಕೆಲವು ಖಾನಾವಳಿಗಳಾದವು: ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಬಡಿಸುವ ಹೆಂಗಸರು, ಮುಷ್ಕರ ಬಂದಾಗ ಉದ್ರಿಯಲ್ಲೇ ಬಡಿಸಿದವರು. ಗಿರಣಿ ಚಳವಳಿಯ ಇತಿಹಾಸದಲ್ಲಿ ನಾಯಕರ ಹೆಸರಿವೆ, ಈ ಉದ್ರಿಯ ಲೆಕ್ಕ ಇಲ್ಲ. 1975ರಲ್ಲಿ ಪ್ರೇಮಾ ಪುರವ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದು ಇಂಥ ಖಾನಾವಳಿ ಹೆಂಗಸರನ್ನು ಸಾಲಗಾರರಿಂದ ಬಿಡಿಸಲಿಕ್ಕೆ. ಕೆಲವು ಕೋಣೆಗಳಲ್ಲಿ ಊರಿನ ಮಂಡಳಿಗಳು. ಒಂದೇ ಹಳ್ಳಿಯವರು ಸೇರಿ ಬಾಡಿಗೆ ಹಿಡಿದು, ಹೊಸದಾಗಿ ಬಂದ ಹುಡುಗನಿಗೆ ಗೋಡೆಗೊಂದು ಮೊಳೆ, ನೆಲಕ್ಕೊಂದು ಚಾಪೆ ಕೊಡುವ ಏರ್ಪಾಟು. ನೆಲಮಹಡಿಯಲ್ಲಿ ವ್ಯಾಯಾಮಶಾಲೆ, ಬುದ್ಧವಿಹಾರ, ಗಣೇಶೋತ್ಸವ ಮಂಡಳ, ವಾಚನಾಲಯ. ಡಿಲೈಲ್ ರೋಡಿಗೆ ಆಮೇಲೆ ಎನ್.ಎಂ. ಜೋಶಿ ಮಾರ್ಗ ಎಂದು ಹೆಸರು ಬಂತು. 1911ರಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಕಟ್ಟಿ ಗಿರಣಿ ಕೇರಿಗಳಲ್ಲಿ ರಾತ್ರಿಶಾಲೆ, ಗ್ರಂಥಾಲಯ ನಡೆಸಿದ, 1920ರಲ್ಲಿ ಎಐಟಿಯುಸಿ ಹುಟ್ಟುವಾಗ ಮುಂದೆ ನಿಂತ ಜೋಶಿ ಅವರು. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಕನ್ನಡ ಶಾಲೆಗೆ ಹೋದ ಕರಾವಳಿ ಹುಡುಗರ ಲೋಕ ಇದಕ್ಕಿಂತ ಬೇರೆಯದಾದರೂ ರಾತ್ರಿಶಾಲೆಯ ಕಂದೀಲು ಎರಡೂ ಕಡೆ ಒಂದೇ ಬಗೆಯದು.

1974ರ ಜನವರಿ 5ರಂದು ವರಳಿಯ ಚಾಳುಗಳ ನಡುವಿನ ಅಂಬೇಡ್ಕರ್ ಮೈದಾನದಲ್ಲಿ ದಲಿತ ಪ್ಯಾಂಥರ್ಸ್ ಸಭೆ ಸೇರಿತು. ಎರಡು ವರ್ಷ ಹಿಂದೆ ನಾಮದೇವ ಢಸಾಳ, ಜೆ.ವಿ. ಪವಾರ್ ಮುಂತಾದವರು ಕಟ್ಟಿದ ಸಂಘಟನೆ. ಲೋಕಸಭೆಯ ಉಪಚುನಾವಣೆಯೊಂದು ಹತ್ತಿರವಿತ್ತು, ಮತ ಹಾಕಬೇಡಿ ಎಂಬುದು ಅವರ ಕರೆ. ಸಭೆಯ ಮೇಲೆ ಕಲ್ಲು ಬಿದ್ದವು, ಗಲಭೆ ಹೊತ್ತಿತು, ವಾರಗಟ್ಟಲೆ ಆರಲಿಲ್ಲ. ಜನವರಿ 10ರ ಮೆರವಣಿಗೆಯಲ್ಲಿ ಮೇಲಿನಿಂದ ಎಸೆದ ಬೀಸುಕಲ್ಲು ಬಿದ್ದು ಭಾಗವತ ಜಾಧವ ಎಂಬ ಯುವಕ ಸತ್ತ. ಚಾಳಿನ ಕಟ್ಟಡ ಕಟ್ಟಡಗಳ ನಡುವೆಯೇ ಗಡಿ ಬಿತ್ತು. ಅಲ್ಲೇ ವಾಸವಿದ್ದ ಪೊಲೀಸರೂ ಒಂದು ಪಕ್ಷ ವಹಿಸಿದರೆಂಬ ದೂರು ಎದ್ದಿತು. ಸರ್ಕಾರ ನ್ಯಾಯಮೂರ್ತಿ ಭಸ್ಮೆ ಅವರ ಆಯೋಗ ನೇಮಿಸಿತು. ಆ ಉಪಚುನಾವಣೆಯಲ್ಲಿ ಕಾಂಗ್ರೆಸ್ ಸೋತು, ಕಮ್ಯುನಿಸ್ಟ್ ನಾಯಕ ಡಾಂಗೆಯವರ ಮಗಳು, ಅದೇ ಪಕ್ಷದ ರೋಜಾ ದೇಶಪಾಂಡೆ ಗೆದ್ದರು. ಕರ್ನಾಟಕದಲ್ಲಿ ಸಚಿವರಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಬೂಸಾ ಮಾತು ಎಬ್ಬಿಸಿದ ಬಿರುಗಾಳಿ ಆಗಿನ್ನೂ ಇಳಿದಿರಲಿಲ್ಲ. ದಲಿತ ಸಂಘರ್ಷ ಸಮಿತಿ ರೂಪುಗೊಳ್ಳುತ್ತಿದ್ದ ಆ ದಿನಗಳಲ್ಲಿ ವರಳಿಯ ಸುದ್ದಿಯನ್ನು ಇಲ್ಲಿನ ಹುಡುಗರು ತಮ್ಮ ಮನೆಯ ಸುದ್ದಿಯಂತೆ ಓದಿದ್ದರೆ ಸೋಜಿಗವಿಲ್ಲ.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಅವರ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಬಂದರು. ಅದನ್ನು ಯಾರೂ ಮುಗಿಯಿತೆಂದು ಸಾರಲಿಲ್ಲ. ಗಿರಣಿಗಳು ಒಂದೊಂದಾಗಿ ತಣ್ಣಗಾದವು, ಹತ್ತಿ ಬರುವುದು ನಿಂತಿತು. 1991ರ ಕಟ್ಟಡ ನಿಯಮಗಳು ಗಿರಣಿಯ ಜಮೀನಿಗೆ ಪೇಟೆಯ ದಾರಿ ತೆರೆದವು. ಲೋವರ್ ಪರಳದ ಫೀನಿಕ್ಸ್ ಮಿಲ್ಲು ಮಾಲ್ ಆಯಿತು, ಸುತ್ತ ಗಾಜಿನ ಕಚೇರಿಗಳೆದ್ದವು. ಗಿರಣಿ ಕೆಲಸಗಾರನ ಮಗ ಅವೇ ಕಚೇರಿಗಳ ಕಾವಲಿಗೆ, ಕೊರಿಯರಿಗೆ, ಕೆಲವೊಮ್ಮೆ ಒಳಗಿನ ಕುರ್ಚಿಗೂ ಸೇರಿದ. ಕಚೇರಿಯ ಕಕ್ಕಸಿನಷ್ಟು ದೊಡ್ಡ ಮನೆಗೆ ರಾತ್ರಿ ಮರಳಿದ. ಊರ ಹೊರಗೆಂದು ಜನ ಬೇಡವೆಂದಿದ್ದ ವರಳಿಯ ನೆಲ ಈಗ ಇಡೀ ದೇಶದ ಅತಿ ತುಟ್ಟಿ ನೆಲಗಳಲ್ಲಿ ಒಂದು. 2009ರಲ್ಲಿ ಬಾಂದ್ರಾಕ್ಕೆ ಸಮುದ್ರ ಸೇತುವೆ ಬಂದ ಮೇಲೆ ಕೇಳುವುದೇ ಬೇಡ.

ಕಟ್ಟಡಗಳ ಕಾಂಕ್ರೀಟು ಅಷ್ಟರಲ್ಲಿ ಸೋತಿತ್ತು. ಉಪ್ಪುಗಾಳಿ ಒಳಗಿನ ಕಬ್ಬಿಣವನ್ನು ತಿಂದು, ಉಬ್ಬಿದ ತುಕ್ಕು ಸಿಮೆಂಟನ್ನು ಸಿಡಿಸುತ್ತದೆ. ಛಾವಣಿಯ ತುಂಡು ಬಿದ್ದ ಸುದ್ದಿ ಪ್ರತಿ ಮಳೆಗಾಲ ಬರತೊಡಗಿತು. ಪುನರ್ನಿರ್ಮಾಣದ ಮಾತು ಚುನಾವಣೆಯಿಂದ ಚುನಾವಣೆಗೆ ಸಾಗಿ, 2016ರಲ್ಲಿ ರಾಜ್ಯ ಸರ್ಕಾರ ಕೆಲಸವನ್ನು ಮ್ಹಾಡಾ ಎಂಬ ತನ್ನ ಗೃಹನಿರ್ಮಾಣ ಸಂಸ್ಥೆಗೆ ವಹಿಸಿತು. 2017ರ ಏಪ್ರಿಲಿನಲ್ಲಿ ವರಳಿಯ ಜಾಂಬೋರಿ ಮೈದಾನದಲ್ಲಿ ಭೂಮಿಪೂಜೆ ನಡೆಯಿತು. 2021ರ ಆಗಸ್ಟಿನಲ್ಲಿ ಇನ್ನೊಬ್ಬ ಮುಖ್ಯಮಂತ್ರಿಯ ಕೈಯಿಂದ ಮತ್ತೊಮ್ಮೆ ಕೆಲಸದ ಆರಂಭವಾಯಿತು. ಶಿವಡಿ ಬಿಟ್ಟು ಉಳಿದ ಮೂರು ಜಾಗ ಸೇರಿ 195 ಚಾಳು, 15,593 ಮನೆಗಳ ಲೆಕ್ಕ. 160 ಚದರಡಿಯವನಿಗೆ 500 ಚದರಡಿ, ಪುಕ್ಕಟೆ. ಉಳಿದ ನೆಲದ ಮೇಲೆ ಮಾರಾಟದ ಮನೆಗಳು. ಖರ್ಚು ಹುಟ್ಟುವುದು ಅಲ್ಲಿಂದ. ಹತ್ತಿಯ ಬದಲು ಈಗ ನೆಲವೇ ಸುಂಕ ಕಟ್ಟುತ್ತಿದೆ. 2022ರಲ್ಲಿ ವರಳಿಗೆ ಬಾಳಾಸಾಹೇಬ ಠಾಕ್ರೆ, ನಾಯಗಾಂವಕ್ಕೆ ಶರದ್ ಪವಾರ್, ಎನ್.ಎಂ. ಜೋಶಿ ಮಾರ್ಗದ ಚಾಳುಗಳಿಗೆ ರಾಜೀವ ಗಾಂಧಿ ಎಂದು ಹೊಸ ಹೆಸರುಗಳನ್ನೂ ಹಂಚಿದ್ದಾಯಿತು, ಆಗಿನ ಮೂರು ಪಕ್ಷದ ಸರ್ಕಾರದಲ್ಲಿ ಪಕ್ಷಕ್ಕೊಂದರಂತೆ.

ಗುತ್ತಿಗೆಯ ಪಟ್ಟಿಯಲ್ಲಿ ಗೋಕಾಕದವರ ಕಣ್ಣಿಗೆ ಬೀಳುವ ಒಂದು ಹೆಸರಿದೆ. ಎನ್.ಎಂ. ಜೋಶಿ ಮಾರ್ಗದ ಕೆಲಸ ಹಿಡಿದದ್ದು ಶಾಪೂರ್ಜಿ ಪಾಲೊಂಜಿ, ವರಳಿಯದು ಟಾಟಾ. ಗೋಕಾಕ ಮಿಲ್ಲನ್ನು ನಡೆಸಿದ ಮುಂಬಯಿಯ ಫೋರ್ಬ್ಸ್ ಕಂಪನಿ ಟಾಟಾ ಬಳಗದಲ್ಲಿದ್ದು, ಈ ಶತಮಾನದ ಆರಂಭದಲ್ಲಿ ಶಾಪೂರ್ಜಿ ಪಾಲೊಂಜಿ ಬಳಗಕ್ಕೆ ಹೋದದ್ದು. ಜಲಪಾತದ ಗಿರಣಿಯೂ ಅದರ ಜೊತೆಗೇ ಕೈ ಬದಲಾಯಿಸಿತು. ಇದರಲ್ಲಿ ಗುಟ್ಟೇನೂ ಇಲ್ಲ. ಮುಂಬಯಿಯ ಹಣ ಹತ್ತಿಯಿಂದ ಕಟ್ಟಡಕ್ಕೆ ಹೊರಳಿದ ದಾರಿಯಲ್ಲಿ ಇಂಥ ಗುರುತುಗಳು ಅಲ್ಲಲ್ಲಿ ಸಿಗುತ್ತವೆ.

ಕೆಡವುವ ಮೊದಲು ಬಾಡಿಗೆದಾರರ ಅರ್ಹತೆ ನೋಡಬೇಕಿತ್ತು. ನೂರು ವರ್ಷದಲ್ಲಿ ಕೋಣೆಗಳು ಅಜ್ಜನಿಂದ ಮೊಮ್ಮಗನಿಗೆ, ಕೈಬರಹದ ಚೀಟಿಯ ಮೇಲೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ್ದವು. ಪೊಲೀಸರ ಕುಟುಂಬಗಳು ನಿವೃತ್ತಿಯ ನಂತರವೂ ಉಳಿದಿದ್ದವು. ರೇಷನ್ ಕಾರ್ಡು, ವಿದ್ಯುತ್ ಬಿಲ್ಲು, ಹಳೆಯ ಬಾಡಿಗೆ ರಸೀದಿ ಹಿಡಿದು ಜನ ಸಾಲಿನಲ್ಲಿ ನಿಂತರು. ಒಂದು ಕೋಣೆಯಲ್ಲಿ ಮೂರು ಅಣ್ಣತಮ್ಮಂದಿರಿದ್ದರೆ 500 ಚದರಡಿ ಯಾರ ಹೆಸರಿಗೆ? ಮನೆ ಬಿಟ್ಟವರಿಗೆ ತಾತ್ಪೂರ್ತಿಕ ಬಿಡಾರ ಇಲ್ಲವೇ ತಿಂಗಳಿಗೆ 25,000 ರೂಪಾಯಿ ಬಾಡಿಗೆ. ಖಾನಾವಳಿ, ಮಂಡಳಿ, ವ್ಯಾಯಾಮಶಾಲೆಗಳ ಗತಿ ಇನ್ನಷ್ಟು ತೊಡಕು. ಅವು ಮನೆಯೂ ಅಲ್ಲ, ಅಂಗಡಿಯೂ ಅಲ್ಲ.

2025ರ ಆಗಸ್ಟ್ 14ರಂದು ವರಳಿಯ ಮೊದಲ 556 ಕುಟುಂಬಗಳಿಗೆ ಮಾಟುಂಗಾದ ಯಶವಂತ ನಾಟ್ಯಮಂದಿರದಲ್ಲಿ ಕೀಲಿಕೈ ಕೊಟ್ಟರು. 40 ಮಹಡಿಯ ಎರಡು ಕಟ್ಟಡ, ಲಿಫ್ಟು, ಒಳಗೇ ಕಕ್ಕಸು, ಎರಡು ಮಲಗುವ ಕೋಣೆ. ಕಕ್ಕಸಿಗೆ ಡಬ್ಬಿ ಹಿಡಿದು ಓಣಿಯ ತುದಿಗೆ ನಡೆದ ಮೂರು ತಲೆಮಾರಿನ ಹೆಂಗಸರ ಎದುರು ಚಾಳಿನ ಒಗ್ಗಟ್ಟಿನ ನೆನಪನ್ನು ಹಾಡಿ ಹೊಗಳುವುದು ಸಭ್ಯವಲ್ಲ. ಆದರೂ ಅಲ್ಲಿನವರ ಮಾತಿನಲ್ಲಿ ಲಿಫ್ಟಿನ ನಿರ್ವಹಣೆಯ ಖರ್ಚು, ತಿಂಗಳ ಬಿಲ್ಲು, ಮನೆ ಮಾರಿ ವಿರಾರ, ಡೋಂಬಿವಲಿ ಕಡೆ ಹೋಗುವವರ ಸಂಗತಿ ಆಗಲೇ ನುಸುಳಿವೆ.

ಶಿವಡಿಯ 12 ಚಾಳುಗಳು ಈ ಲೆಕ್ಕಕ್ಕೆ ಬಂದಿಲ್ಲ. ಅವು ನಿಂತ ನೆಲ ಕೇಂದ್ರ ಸರ್ಕಾರದ ಬಂದರು ಸಂಸ್ಥೆಯದು, ಕಟ್ಟಡ ರಾಜ್ಯದ್ದು, ಇರುವವರು ಬಾಡಿಗೆದಾರರು. 1920ರ ದಶಕದಲ್ಲಿ ಮುಂಬಯಿಯ ಹತ್ತಿ ಪೇಟೆ ಕೊಲಾಬಾದಿಂದ ಎದ್ದು ಬಂದು ನೆಲೆಸಿದ್ದು ಈ ಶಿವಡಿಯಲ್ಲೇ. ಬೇಲುಗಳ ಗೋದಾಮು ಮತ್ತು ಸುಂಕದ ಚಾಳು ಎರಡೂ ಅಕ್ಕಪಕ್ಕ. ವರಳಿಯವರಿಗೆ ಸಿಕ್ಕದ್ದು ತಮಗೂ ಸಿಗಬೇಕೆಂದು ಶಿವಡಿಯವರು ಅರ್ಜಿ ಕೊಡುತ್ತಲೇ ಇದ್ದಾರೆ. ರಾಜ್ಯ ಕೇಂದ್ರಕ್ಕೆ ಬರೆಯುತ್ತದೆ, ಬಂದರು ಸಂಸ್ಥೆ ನೆಲದ ಬೆಲೆಯ ಮಾತು ಎತ್ತುತ್ತದೆ, ಮಳೆಗಾಲಕ್ಕೆ ಮೊದಲು ಲೋಕೋಪಯೋಗಿ ಇಲಾಖೆಯವರು ಬಂದು ಛಾವಣಿಗೆ ತೇಪೆ ಹಾಕಿ ಹೋಗುತ್ತಾರೆ.